ಪ್ರಾರ್ಥನಾಗೀತದಲ್ಲಿ ನಿಸರ್ಗಪ್ರತಿಮೆ: ಕಿಕ್ಕೇರಿಯ ಕವಿಯ ಒಂದು ರಚನೆ

ಭಕ್ತಿಕಾವ್ಯದಲ್ಲಿ ನಿಸರ್ಗದ ವಸ್ತುಗಳು ಬಂದಾಗ ಅವು ಅಲ್ಲಿ ಯಾವ ಅಧಿಕಾರದಿಂದ ನಿಂತಿವೆ ಎಂಬುದನ್ನು ವಿಮರ್ಶೆ ವಿಚಾರಿಸುವುದು ಅಪರೂಪ. ಹೂವು, ಹಕ್ಕಿ, ಮಳೆ, ಮುಗಿಲುಗಳನ್ನು ಕಂಡ ಕೂಡಲೇ 'ನಿಸರ್ಗದಲ್ಲಿ ದೈವದರ್ಶನ' ಎಂಬ ಸಿದ್ಧವಾಕ್ಯವೊಂದನ್ನು ಬರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಆದರೆ ಒಂದೇ ಹೂವು ಒಬ್ಬ ಕವಿಯಲ್ಲಿ ದೇವರ ಮುಖಕ್ಕೆ ಹೋಲಿಕೆಯಾಗಿ ಬರುತ್ತದೆ. ಇನ್ನೊಬ್ಬನಲ್ಲಿ ದೇವರ ಮುಡಿಗೇರಬೇಕಾದ ಅರ್ಪಣೆಯಾಗುತ್ತದೆ. ಮತ್ತೊಬ್ಬನಲ್ಲಿ ದೇವರೇ ಆಗಿ ನಿಲ್ಲುತ್ತದೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆದುಬಿಟ್ಟರೆ ಕವಿಯ ಭಕ್ತಿಯ ಬಗೆಯೇ ಮರೆಯಾಗಿಹೋಗುತ್ತದೆ.

ನಮ್ಮ ಆಲಂಕಾರಿಕರು ಪ್ರತಿಮಾವಿಚಾರವನ್ನು ಬಹುಮಟ್ಟಿಗೆ ಸಾದೃಶ್ಯದ ನೆಲೆಯಲ್ಲಿಯೇ ನಡೆಸಿದರು. ಉಪಮೆ, ರೂಪಕ, ಉತ್ಪ್ರೇಕ್ಷೆಗಳೆಲ್ಲ ಹೋಲಿಕೆಯ ಬಳ್ಳಿಯಲ್ಲಿ ಬಿಟ್ಟ ಹೂಗಳು. ಲೌಕಿಕ ಶೃಂಗಾರಕ್ಕೆ ಈ ಹೋಲಿಕೆ ಸಾಲಬಹುದು. ಮುಖವನ್ನು ಚಂದ್ರನೆಂದರೆ ಮುಖಕ್ಕೂ ನಷ್ಟವಿಲ್ಲ, ಚಂದ್ರನಿಗೂ ನಷ್ಟವಿಲ್ಲ. ಭಕ್ತಿಕಾವ್ಯದಲ್ಲಿ ಮಾತ್ರ ಹೋಲಿಕೆ ಒಂದು ತೊಡಕನ್ನು ತರುತ್ತದೆ. ಅರ್ಥ ಕೈಗೆ ಸಿಕ್ಕಿದ ಮೇಲೆ ವಸ್ತು ಹೊಟ್ಟಿನಂತೆ ಉದುರಿಹೋಗುತ್ತದೆ. 'ಭವಸಾಗರ' ಎನ್ನುವಾಗ ಉಪ್ಪುನೀರನ್ನು ನೆನೆಯುವವರು ಯಾರು? ಸಾವಿರ ಸಲ ಬಳಸಿದ ಆ ಸಾಗರದಲ್ಲಿ ಈಗ ಅಲೆಯೇ ಏಳುವುದಿಲ್ಲ. ನಿಸರ್ಗವನ್ನು ಬರಿಯ ಸಂಕೇತವಾಗಿ ಸವೆಸಿದ ಭಕ್ತಿಗೀತೆಗಳು ಕನ್ನಡದಲ್ಲಿ ರಾಶಿಯಾಗಿವೆ. ಅವುಗಳಲ್ಲಿ ಭಕ್ತಿಗೂ ಬಲವಿಲ್ಲ, ನಿಸರ್ಗಕ್ಕೂ ಜೀವವಿಲ್ಲ.

ಹೋಲಿಕೆಯ ಹಂಗಿಲ್ಲದೆಯೂ ನಿಸರ್ಗದ ವಸ್ತುವೊಂದು ದೇವರ ಸನ್ನಿಧಿಯಲ್ಲಿ ನಿಲ್ಲಬಲ್ಲದು ಎಂಬುದಕ್ಕೆ 20ನೆಯ ಶತಮಾನದ ಕನ್ನಡದಲ್ಲಿ ಸುಲಭವಾಗಿ ದೊರೆಯುವ ನಿದರ್ಶನ ಕೆ. ಎಸ್. ನರಸಿಂಹಸ್ವಾಮಿಯವರ 'ದೀಪವು ನಿನ್ನದೆ' ಎಂಬ ಗೀತೆ. ನಾಲ್ಕೇ ನುಡಿಗಳ ಈ ಚಿಕ್ಕ ರಚನೆ ಸುಗಮ ಸಂಗೀತದ ಮೂಲಕ ನಾಡಿನ ಮನೆಮನೆಗೂ ತಲುಪಿದೆ. ಸಭೆಗಳ ಆರಂಭದಲ್ಲಿ ಪ್ರಾರ್ಥನೆಯಾಗಿ ಹಾಡುವುದುಂಟು. ಆದರೂ ಇದನ್ನು ಕವಿತೆಯೆಂದು ನಿಧಾನವಾಗಿ ಓದಿದವರು ಕಡಿಮೆ. ಹಾಡಾಗಿ ಗೆದ್ದ ಕವಿತೆಗೆ ಈ ಅನ್ಯಾಯ ತಪ್ಪಿದ್ದಲ್ಲ: ರಾಗ ನೆನಪಿರುವಷ್ಟು ಮಾತು ನೆನಪಿರುವುದಿಲ್ಲ.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರ ಜನವರಿ 26ರಂದು ಹುಟ್ಟಿ, ಸರಕಾರಿ ಕಚೇರಿಯ ಗುಮಾಸ್ತಿಕೆಯಲ್ಲಿ ಬಾಳಿನ ಬಹುಭಾಗವನ್ನು ಕಳೆದು, 2003ರಲ್ಲಿ ತೀರಿಕೊಂಡ ನರಸಿಂಹಸ್ವಾಮಿಯವರು ಸಾಹಿತ್ಯಚರಿತ್ರೆಯಲ್ಲಿ ದಾಂಪತ್ಯದ ಕವಿ ಎಂದೇ ದಾಖಲಾಗಿದ್ದಾರೆ. 1942ರಲ್ಲಿ ಬಂದ 'ಮೈಸೂರ ಮಲ್ಲಿಗೆ' ಆ ಕೀರ್ತಿಗೆ ಕಾರಣವಾಯಿತು. ಆ ಕೀರ್ತಿಯೇ ಮುಂದೆ ಅವರ ಉಳಿದ ಕಾವ್ಯಕ್ಕೆ ಮುಸುಕೂ ಆಯಿತು. 'ಶಿಲಾಲತೆ'ಯ ಕವಿಯನ್ನೂ, 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ತೆರೆದ ಬಾಗಿಲು' ಸಂಗ್ರಹದ ಕವಿಯನ್ನೂ ಜನ ಮಲ್ಲಿಗೆಯ ಕವಿ ಎಂದೇ ಕರೆಯುತ್ತ ಬಂದರು. ಇಂಥ ಕವಿಯ ಕೈಯಿಂದ ಬಂದ ಪ್ರಾರ್ಥನಾಗೀತವನ್ನು ಒಂದು ಆಕಸ್ಮಿಕವೆಂದು ಬದಿಗಿಡುವುದು ಸುಲಭ. ಅದು ಆಕಸ್ಮಿಕವಲ್ಲ, ಅವರ ಪ್ರೇಮಗೀತಗಳಲ್ಲಿದ್ದ ಮನೋಧರ್ಮವೇ ಇಲ್ಲಿ ದೇವರ ಕಡೆಗೆ ಮುಖಮಾಡಿದೆ ಎಂಬುದನ್ನು ಈ ಲೇಖನ ಮುಂದೆ ಪರಿಶೀಲಿಸುತ್ತದೆ.

ಗೀತೆಯ ಮೊದಲ ನುಡಿಯಲ್ಲಿ ಎರಡು ಜೋಡಿಗಳಿವೆ: ದೀಪ ಮತ್ತು ಗಾಳಿ, ಕಡಲು ಮತ್ತು ಹಡಗು. ಎಲ್ಲವೂ 'ನಿನ್ನದೇ' ಎಂದು ಕವಿ ಒಪ್ಪಿಸುತ್ತಾನೆ. ಒಪ್ಪಿಸಿದ ಬೆನ್ನಿಗೇ ಬೆಳಕು ಆರಿಹೋಗದಿರಲೆಂದೂ ಬಾಳು ಮುಳುಗಿಹೋಗದಿರಲೆಂದೂ ಬೇಡುತ್ತಾನೆ. ಇಲ್ಲಿ ಎಲ್ಲಿಯೂ 'ಅಂತೆ' ಇಲ್ಲ, 'ಹಾಗೆ' ಇಲ್ಲ. ದೀಪವು ಜ್ಞಾನದ ಸಂಕೇತವೆಂದೂ ಗಾಳಿಯು ಮಾಯೆಯ ಸಂಕೇತವೆಂದೂ ವ್ಯಾಖ್ಯಾನ ಬರೆಯುವವರು ಬರೆಯಬಹುದು. ಕವಿತೆ ಅದನ್ನು ಕೇಳುವುದಿಲ್ಲ. ದೇವರು ದೀಪದಂತೆ ಇದ್ದಾನೆಂದು ಕವಿ ಹೇಳುತ್ತಿಲ್ಲ. ದೀಪ ಅವನ ಸೊತ್ತು ಎನ್ನುತ್ತಿದ್ದಾನೆ. ಪ್ರತಿಮೆಯು ಸಾದೃಶ್ಯವನ್ನು ಬಿಟ್ಟು ಸ್ವಾಮ್ಯವನ್ನು ಹಿಡಿದಿದೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಈ ಗೀತೆಯ ಜೀವ ಇರುವುದು ಷಷ್ಠೀ ವಿಭಕ್ತಿಯಲ್ಲಿ, ಸಂಬಂಧವನ್ನು ಸೂಚಿಸುವ 'ನಿನ್ನ' ಎಂಬ ರೂಪದಲ್ಲಿ.

ಈ ಷಷ್ಠಿಯಿಂದ ಏನು ಲಾಭವಾಯಿತು? ದೀಪ ದೀಪವಾಗಿಯೇ ಉಳಿಯಿತು, ಗಾಳಿ ಗಾಳಿಯಾಗಿಯೇ ಬೀಸಿತು. ಸೊತ್ತಿಗೆ ಒಡೆಯನ ಮುಖವನ್ನು ಹೋಲಬೇಕಾದ ನಿರ್ಬಂಧವಿಲ್ಲ. ಒಡೆಯನ ಹೆಸರಿನಲ್ಲಿದ್ದರೆ ಸಾಕು. ಎಣ್ಣೆಯ ದೀಪವನ್ನು ಹಚ್ಚಿ, ಬಾಗಿಲ ಸಂದಿಯಿಂದ ನುಗ್ಗಿದ ಗಾಳಿಗೆ ಅಂಗೈ ಅಡ್ಡ ಹಿಡಿದ ಯಾವ ಮನೆಯವರಿಗೂ ಈ ಪ್ರತಿಮೆಗೆ ಟೀಕೆ ಬೇಕಾಗಿಲ್ಲ. ಕವಿಯ ಬಾಲ್ಯದ ಹಳ್ಳಿಗಾಡಿನಲ್ಲಿ ಸಂಜೆಯೆಂದರೆ ಇಂಥ ದೀಪವೇ. 1947ರಲ್ಲಿ ಬಂದ ಅವರ ಸಂಗ್ರಹವೊಂದಕ್ಕೆ 'ದೀಪದ ಮಲ್ಲಿ' ಎಂಬ ಹೆಸರಿದೆ. ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಬೊಂಬೆಯ ಹೆಸರದು. ದೀಪ ಈ ಕವಿಗೆ ಶಾಸ್ತ್ರದಿಂದ ಬಂದುದಲ್ಲ, ನಡುಮನೆಯಿಂದ ಬಂದುದು.

ಅದೇ ನುಡಿಯ ಕಡಲು ಮತ್ತು ಹಡಗುಗಳ ವಿಷಯದಲ್ಲಿ ಈ ಮಾತನ್ನು ಅಷ್ಟು ಧೈರ್ಯದಿಂದ ಹೇಳುವಂತಿಲ್ಲ. ಕಿಕ್ಕೇರಿಗೆ ಕೆರೆಯುಂಟು, ಕಡಲು ಘಟ್ಟದಾಚೆಯದು. ಮುಳುಗುವ ಹಡಗು ಓದಿನಿಂದ ಬಂದ ಹಡಗು. ಭವಸಾಗರದ ಹಳೆಯ ರೂಪಕದ ನೆರಳು ಅದರ ಮೇಲೆ ಬಿದ್ದಿದೆ. ದೀಪಕ್ಕೆ ಬೆಳಕು ಎಂಬುದು ಅದರದೇ ಆದ ಫಲ. ಹಡಗಿಗೆ ಜೋಡಿಯಾಗಿ ಬಾಳು ಬಂದಾಗ ಮಾತ್ರ ರೂಪಕ ತನ್ನ ತಲೆಯನ್ನು ಹೊರಹಾಕುತ್ತದೆ. ಪ್ರಾಸಬಂಧದ ನಯದಲ್ಲಿ ಈ ಕೊರತೆ ಕಿವಿಗೆ ಬೀಳುವುದಿಲ್ಲ. ಓದುವ ಕಣ್ಣಿಗೆ ಬೀಳುತ್ತದೆ.

ಸ್ವಾಮ್ಯದ ಪ್ರತಿಮೆ ನರಸಿಂಹಸ್ವಾಮಿಯವರು ಹೊಸದಾಗಿ ಕಂಡುಹಿಡಿದುದಲ್ಲ. ಶರಣಸಾಹಿತ್ಯದ ವಾಚಕರಿಗೆ ಈ ಹಾದಿ ಪರಿಚಿತವಾದುದೇ. ಮುದನೂರಿನ ನೇಕಾರ, ಆದ್ಯ ವಚನಕಾರರಲ್ಲಿ ಒಬ್ಬರೆಂದು ಗಣ್ಯರಾದ ಜೇಡರ ದಾಸಿಮಯ್ಯನವರು ರಾಮನಾಥನನ್ನು ಸಂಬೋಧಿಸಿ ನುಡಿದ ಪ್ರಸಿದ್ಧ ವಚನವೊಂದರಲ್ಲಿ ನೆಲವನ್ನೂ ಬೆಳೆಯನ್ನೂ ಬೀಸುವ ಗಾಳಿಯನ್ನೂ ಶಿವನ ದಾನವೆಂದು ಎಣಿಸುತ್ತಾರೆ. ಅಲ್ಲಿಯೂ ಹೋಲಿಕೆಯಿಲ್ಲ, ಕೊಟ್ಟವನ ಹೆಸರು ಮಾತ್ರ ಇದೆ. ನಿಸರ್ಗವು ಅಲ್ಲಿ ಒಂದು ಲೆಕ್ಕದ ಪುಸ್ತಕ. ಯಾವುದು ಯಾರಿಂದ ಬಂತು ಎಂಬುದರ ಖಾತೆ. ಆದುದರಿಂದಲೇ ವಚನದ ಕೊನೆಯಲ್ಲಿ ಮಾತು ಪ್ರಾರ್ಥನೆಯಾಗಿ ಬಾಗದೆ ಸಿಟ್ಟಾಗಿ ಸಿಡಿಯುತ್ತದೆ: ಒಬ್ಬನ ಅನ್ನವನ್ನುಂಡು ಪರರನ್ನು ಕೊಂಡಾಡುವವರನ್ನು ದಾಸಿಮಯ್ಯನವರು ನಾಯಿಗಳ ಸಾಲಿಗೆ ಸೇರಿಸುತ್ತಾರೆ. ದಾನವೆಂದ ಮೇಲೆ ಕೃತಜ್ಞತೆ, ಕೃತಜ್ಞತೆಯೆಂದ ಮೇಲೆ ಕೃತಘ್ನರ ಮೇಲಿನ ಕೋಪ. ಈ ನಡೆ ಸಹಜವಾದುದು.

ಇಬ್ಬರಲ್ಲಿಯೂ ಗಾಳಿ ಇದೆಯೆಂಬುದು ಗಮನಿಸತಕ್ಕ ಅಂಶ. ದಾಸಿಮಯ್ಯನವರ ಗಾಳಿ ಉಸಿರಾಡಿಸುವ ಗಾಳಿ, ಬೆಳೆಯ ಮೇಲೆ ಸುಳಿಯುವ ಗಾಳಿ. ಅದು ಒಳ್ಳೆಯದನ್ನಷ್ಟೇ ಮಾಡುತ್ತದೆ, ಆದುದರಿಂದ ಅದನ್ನು ದಾನವೆಂದು ಕರೆಯಲು ನಾಲಿಗೆ ಅಳುಕುವುದಿಲ್ಲ. ಕಿಕ್ಕೇರಿಯ ಕವಿಯ ಗಾಳಿ ದೀಪವನ್ನು ನಂದಿಸಬಲ್ಲ ಗಾಳಿ. ಅದನ್ನು ದಾನವೆಂದು ಕರೆಯುವುದು ಹೇಗೆ? ದಾನವೆನ್ನಲಾಗದ್ದನ್ನೂ 'ನಿನ್ನದೇ' ಎನ್ನಬಹುದು. ಇಲ್ಲಿಯೇ ಈ ಗೀತೆಯ ಇಕ್ಕಟ್ಟಿರುವುದು. ಕಾಪಾಡಬೇಕಾದ ವಸ್ತುವೂ ಅವನದೇ, ಅದನ್ನು ಕೆಡಿಸುವ ವಸ್ತುವೂ ಅವನದೇ ಆದ ಮೇಲೆ ಭಕ್ತ ಯಾರ ಕಡೆ ನಿಲ್ಲಬೇಕು? ಗಾಳಿಯನ್ನು ದೂರುವಂತಿಲ್ಲ, ಒಡೆಯನನ್ನು ದೂರಿದಂತಾಗುತ್ತದೆ. ದೀಪ ತನ್ನದೆಂದು ಹಟ ಹಿಡಿಯುವಂತಿಲ್ಲ, ಅದನ್ನೂ ಆಗಲೇ ಒಪ್ಪಿಸಿಯಾಗಿದೆ. ಉಳಿದುದು ಬೇಡಿಕೆಯೊಂದೇ. 'ಎಲ್ಲವೂ ದೇವರದು, ಆದುದರಿಂದ ಚಿಂತೆಯಿಲ್ಲ' ಎಂಬ ಸಮಾಧಾನವನ್ನು ಈ ಹಾಡಿನಲ್ಲಿ ಕೇಳುವವರು ಅದರ ಅರ್ಧವನ್ನಷ್ಟೇ ಕೇಳಿದ್ದಾರೆ. ಎಲ್ಲವೂ ದೇವರದಾದುದರಿಂದಲೇ ಇಲ್ಲಿ ಚಿಂತೆ ಹುಟ್ಟಿದೆ.

ಇನ್ನು ಅಕ್ಕಮಹಾದೇವಿಯವರ ಕಡೆ ತಿರುಗಿದರೆ ಷಷ್ಠಿಯೂ ಕಳಚಿಹೋಗಿ ಪ್ರಥಮಾ ವಿಭಕ್ತಿ ಬಂದು ನಿಲ್ಲುತ್ತದೆ. ಕಾಡನ್ನೂ ಕಾಡಿನ ಮರಗಳನ್ನೂ ಮರಗಳ ನಡುವೆ ಆಡುವ ಹಕ್ಕಿ ಮಿಗಗಳನ್ನೂ ಅಕ್ಕ ಚೆನ್ನಮಲ್ಲಿಕಾರ್ಜುನನ ಸೊತ್ತೆಂದು ಎಣಿಸುವುದಿಲ್ಲ. ಅವೆಲ್ಲ ಅವನೇ ಎನ್ನುತ್ತಾರೆ. 'ನಿನ್ನದು' ಎಂಬುದರಿಂದ 'ನೀನು' ಎಂಬುದಕ್ಕೆ ಇರುವ ದೂರ ನುಡಿಯಲ್ಲಿ ಒಂದು ಪ್ರತ್ಯಯದ ದೂರ. ಅನುಭವದಲ್ಲಿ ಅದು ಬಹಳ ದೊಡ್ಡದು. ಸೊತ್ತೆಂದರೆ ಒಡೆಯ ಬೇರೆ, ವಸ್ತು ಬೇರೆ, ಹೇಳುವವನು ಬೇರೆ. 'ನೀನೇ' ಎಂದಾಗ ಒಡೆಯನಿಗೂ ವಸ್ತುವಿಗೂ ನಡುವಣ ಗೋಡೆ ಬಿದ್ದುಹೋಗುತ್ತದೆ. ಆದರೆ ಆ ವಚನದ ಕೊನೆಯಲ್ಲಿಯೂ ನೋವೊಂದು ಇದ್ದೇ ಇದೆ: ಎಲ್ಲದರಲ್ಲಿ ತುಂಬಿಕೊಂಡಿರುವವನು ತನಗೇಕೆ ಮುಖ ತೋರುತ್ತಿಲ್ಲ ಎಂದು ಅಕ್ಕ ಕೇಳುತ್ತಾರೆ. ಕಾಡೆಲ್ಲ ಅವನಾದರೂ ಹುಡುಕುವವಳು ಇನ್ನೂ ಅವನಾಗಿಲ್ಲ. ಆ ಒಂದು ಎಡೆಯಲ್ಲಿ ಇಡೀ ವಚನ ನಡುಗುತ್ತದೆ. ಗಿಳಿಯನ್ನು ಕೋಗಿಲೆಯನ್ನು ತುಂಬಿಯನ್ನು ನಿಲ್ಲಿಸಿ ಪತಿಯ ಸುಳಿವನ್ನು ವಿಚಾರಿಸುವ ಅವರ ಇನ್ನೊಂದು ವಚನವನ್ನು ಇದರ ಜೊತೆಗಿಟ್ಟು ನೋಡಿದರೆ ನಿಸರ್ಗವು ಒಂದೆಡೆ ಪತಿಯೇ ಆಗಿ, ಇನ್ನೊಂದೆಡೆ ಪತಿಯನ್ನು ಕಂಡಿರಬಹುದಾದ ಸಾಕ್ಷಿಯಾಗಿ ಬರುವುದು ತಿಳಿಯುತ್ತದೆ. ಎರಡರಲ್ಲಿಯೂ ನಿಸರ್ಗ ಉತ್ತರ ಕೊಡುವುದಿಲ್ಲ.

ಅಕ್ಕನ ವೈರಾಗ್ಯಕ್ಕೂ ನರಸಿಂಹಸ್ವಾಮಿಯವರ ಗೃಹಸ್ಥಭಕ್ತಿಗೂ ಹೆಚ್ಚು ಕಡಿಮೆಗಳನ್ನು ನಿರ್ಣಯಿಸಲು ಈ ಮಾತನ್ನು ಹೇಳುತ್ತಿಲ್ಲ. ಕೇಶಾಂಬರೆಯಾಗಿ ಕದಳಿಗೆ ನಡೆದವರ ನುಡಿಯ ಎತ್ತರ ಬೇರೆ. ಮನೆಯ ದೀಪವನ್ನು ಕಾಯುವವನ ನುಡಿ ಬೇರೆ. ದೀಪವನ್ನೇ ಬಿಟ್ಟು ಹೊರಟವರಿಗೆ ಗಾಳಿಯ ಭಯವಿಲ್ಲ. ಮನೆಯಲ್ಲಿ ಉಳಿದವನಿಗೆ ಅದು ಇದೆ, ಮತ್ತು ಆ ಭಯವೂ ದೇವರ ಮುಂದೆ ಇಡಬಹುದಾದ ವಸ್ತುವೇ ಎಂಬುದನ್ನು ಈ ಗೀತೆ ಒಪ್ಪುತ್ತದೆ. ಕವಿಯ ಪ್ರೇಮಗೀತಗಳಿಗೂ ಇದಕ್ಕೂ ಇರುವ ನಂಟು ಇಲ್ಲಿ ಕಾಣುತ್ತದೆ. 'ಮೈಸೂರ ಮಲ್ಲಿಗೆ' ಎಂಬ ಹೆಸರೇ ಷಷ್ಠಿಯಲ್ಲಿದೆ. 'ದೀಪದ ಮಲ್ಲಿ'ಯೂ ಹಾಗೆಯೇ. 'ಶಾನುಭೋಗರ ಮಗಳು' ಎಂಬ ಕವಿತೆಯೂ ಹಾಗೆಯೇ. ಆ ಲೋಕದಲ್ಲಿ ಯಾವುದೂ ಒಂಟಿಯಾಗಿ ಇರುವುದಿಲ್ಲ. ಹೂವಿಗೆ ಒಂದು ಊರಿದೆ, ಹೆಣ್ಣಿಗೆ ಒಂದು ತವರಿದೆ, ಗಂಡಿಗೆ ಒಂದು ಮಾವನ ಮನೆಯಿದೆ. ಯಾರು ಯಾರಿಗೆ ಸೇರಿದವರು ಎಂಬ ಬಳಕೆಯ ತಿಳಿವಿನಿಂದಲೇ ಅಲ್ಲಿ ಪ್ರೀತಿ ಅರಳುತ್ತದೆ. ಅದೇ ಕವಿ ದೇವರ ಮುಂದೆ ನಿಂತಾಗ 'ನೀನು ಯಾರು' ಎಂದು ಕೇಳದೆ 'ಇದು ಯಾರದು' ಎಂದು ತೊಡಗುವುದು ಸ್ವಾಭಾವಿಕವಾಗಿದೆ.

ಎರಡನೆಯ ನುಡಿಯಲ್ಲಿ ಬೆಟ್ಟ ಮತ್ತು ಬಯಲು ಬರುತ್ತವೆ. ಪ್ರೀತಿ ಹಬ್ಬಲಿ ಎಂಬ ಹಾರೈಕೆ ಬರುತ್ತದೆ. ಆಮೇಲೆ ನೆರಳು ಬಿಸಿಲುಗಳೆರಡೂ ಒಂದೇ ಸಮನಾಗಿರಲೆಂಬ ಮಾತು ಬರುತ್ತದೆ. ಶರಣಸಾಹಿತ್ಯದಲ್ಲಿ ಪಳಗಿದ ವಾಚಕರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. 'ಬಯಲು' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಅವರ ಮನಸ್ಸು ನಿರವಯಲಿಗೆ, ಪ್ರಭುದೇವರ ಶೂನ್ಯಕ್ಕೆ ಹಾರುತ್ತದೆ. ಈ ಗೀತೆಯ ಬಯಲು ಆ ಬಯಲಲ್ಲ. ಇದು ಬೆಟ್ಟದ ಬುಡದಲ್ಲಿ ಚಾಚಿಕೊಂಡಿರುವ, ದನ ಮೇಯುವ, ರಾಗಿ ಬೆಳೆಯುವ ನೆಲ. ನಾಗಮಂಗಲ ಕೃಷ್ಣರಾಜಪೇಟೆಗಳ ಸೀಮೆಯನ್ನು ಕಂಡವರಿಗೆ ಬೋಳುಗುಡ್ಡ ಮತ್ತು ಬಯಲುಗಳ ಈ ಜೋಡಿ ಯಾವ ಪುಸ್ತಕದಿಂದಲೂ ಬರಬೇಕಾಗಿಲ್ಲ. ಪ್ರಭುದೇವರ ಬಯಲಿನಲ್ಲಿ ಹಬ್ಬುವುದಕ್ಕೆ ಏನೂ ಉಳಿದಿರುವುದಿಲ್ಲ. ಇಲ್ಲಿ ಪ್ರೀತಿ ಬಳ್ಳಿಯಂತೆ ಹಬ್ಬಬೇಕಾಗಿದೆ, ಹಬ್ಬಲು ನೆಲ ಬೇಕಾಗಿದೆ. ಬೆಡಗಿನ ಕೀಲಿಕೈಯಿಂದ ಎಲ್ಲ ಬಾಗಿಲನ್ನೂ ತೆರೆಯಹೊರಡುವುದು ನಮ್ಮ ಉಪನ್ಯಾಸಗಳಲ್ಲಿ ರೂಢಿಯಾಗಿರುವ ದೋಷ. ಬೀಗವೇ ಇಲ್ಲದ ಬಾಗಿಲಿಗೆ ಕೀಲಿ ತಿರುವಿದರೆ ಬಾಗಿಲಿಗೇ ಗಾಯ.

ಹಾಗೆಂದು ಪ್ರಭುದೇವರಿಗೂ ಈ ಗೀತೆಗೂ ನಂಟಿಲ್ಲವೆನ್ನಲಾಗದು. ಮಾವಿನ ಮರಕ್ಕೂ ಕೋಗಿಲೆಗೂ, ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳುತ್ತ ಕೊನೆಗೆ ತಮಗೂ ಗುಹೇಶ್ವರನಿಗೂ ಇರುವ ಸಂಬಂಧದ ಬೆರಗನ್ನು ಮುಂದಿಡುವ ಅಲ್ಲಮರ ವಚನ ಬೆಡಗಿನದಲ್ಲ, ತಿಳಿಯಾದುದು. ಅಲ್ಲಿಯೂ ಪ್ರತಿಮೆ ಹೋಲಿಕೆಯ ಮೇಲೆ ನಿಂತಿಲ್ಲ. ನೆಲ್ಲಿಕಾಯಿ ಉಪ್ಪನ್ನು ಹೋಲುವುದಿಲ್ಲ, ಕೋಗಿಲೆ ಮಾವನ್ನು ಹೋಲುವುದಿಲ್ಲ. ಹೋಲದ ಎರಡು ವಸ್ತುಗಳು ಕೂಡುತ್ತವೆ ಎಂಬುದೇ ಅಲ್ಲಿಯ ವಿಸ್ಮಯ. ನೆಲ್ಲಿಕಾಯಿಯನ್ನು ಉಪ್ಪಿನಲ್ಲಿ ನೆನೆಹಾಕುವ ಅಡುಗೆಮನೆಯ ಒಂದು ಕೆಲಸ ಜೀವ ಶಿವರ ಸಂಬಂಧವನ್ನು ತೋರಿಸಲು ಸಾಕಾಯಿತು. ಸಂಬಂಧವೆಂಬುದೇ ಷಷ್ಠಿಯ ಅರ್ಥವೆಂಬುದನ್ನು ನೆನೆದರೆ, ಕನ್ನಡದ ಭಕ್ತಿಕಾವ್ಯದಲ್ಲಿ ನಿಸರ್ಗಪ್ರತಿಮೆಗೆ ಸಾದೃಶ್ಯಕ್ಕಿಂತ ಸಂಬಂಧವೇ ಹಳೆಯ ಮನೆಯೆಂಬುದು ತೋರುತ್ತದೆ. ಸಂಸ್ಕೃತ ಅಲಂಕಾರಶಾಸ್ತ್ರದ ಕನ್ನಡಿಯಲ್ಲಿ ಈ ಮನೆ ಕಾಣದಿರುವುದಕ್ಕೆ ಮನೆಯ ತಪ್ಪಿಲ್ಲ.

ಮೂರನೆಯ ನುಡಿಗೆ ಬಂದಾಗ ಗೀತೆ ಮಗ್ಗುಲು ಬದಲಿಸುತ್ತದೆ. ಒಮ್ಮೆ ಸಿಡಿಲು ಇನ್ನೊಮ್ಮೆ ಮುಗಿಲು ದೇವರಿಗೆ ಅಲಂಕಾರವಾಗುತ್ತವೆ. ಅಲ್ಲಿನ ಹಕ್ಕಿ ಇಲ್ಲಿನ ಮೊಗ್ಗು ಅವನಿಗೆ ನಮಸ್ಕಾರವಾಗುತ್ತವೆ. ಇದುವರೆಗೆ ಆಳಿದ 'ನಿನ್ನದು' ಹಿಂದೆ ಸರಿದು 'ನಿನಗೆ' ಎಂಬ ಚತುರ್ಥಿ ಮುಂದೆ ಬಂದಿದೆ. ವಸ್ತುಗಳು ಈಗ ಬರಿಯ ಸೊತ್ತಲ್ಲ. ತಮ್ಮಷ್ಟಕ್ಕೆ ತಾವು ಅವನತ್ತ ಹೊರಟಿವೆ. ಬೇಡಿಕೆ ಮುಗಿದಿದೆ. ಮೊದಲಿನ ನುಡಿಯಲ್ಲಿ ಆರದಿರಲೆಂಬ ಭಯ, ಎರಡನೆಯದರಲ್ಲಿ ಹಬ್ಬಲೆಂಬ ಆಸೆ, ಬಳಿಕ ನೆರಳು ಬಿಸಿಲುಗಳ ಸಮತೆ. ಮೂರನೆಯದರಲ್ಲಿ ಕೇಳುವುದೇ ನಿಂತಿದೆ. ಇದನ್ನು ಭಕ್ತಸ್ಥಲದಿಂದ ಮೇಲೇರುವ ಮೆಟ್ಟಿಲೆಂದು ಷಟ್ಸ್ಥಲದ ಅಳತೆಗೋಲು ಹಿಡಿದು ಹೊಂದಿಸಲು ಹೊರಟರೆ ಅದು ಕವಿತೆಯ ಮೇಲೆ ಬಲಾತ್ಕಾರವಾದೀತು. ಆದರೆ ಪ್ರಸಾದದ ತತ್ತ್ವವನ್ನು ಬಲ್ಲವರಿಗೆ ಈ ನಡೆ ಅರ್ಥವಾಗದಿರದು. ಪದಾರ್ಥವನ್ನು ಒಡೆಯನದೆಂದು ಒಪ್ಪಿಸಿದ ಮೇಲೆಯೇ ಅದು ಪ್ರಸಾದವಾಗಿ ಮರಳುತ್ತದೆ. ಮರಳಿದ ವಸ್ತು ಮೊದಲಿನ ವಸ್ತುವೇ ಆದರೂ ಮೊದಲಿನದಲ್ಲ. ಮೊದಲ ನುಡಿಯ ಭಯಂಕರ ಗಾಳಿ ಮೂರನೆಯದರಲ್ಲಿ ಸಿಡಿಲಾಗಿ ಇನ್ನೂ ಭಯಂಕರವಾಗಿ ಮರಳಿದರೂ ಆ ಸಿಡಿಲು ಭಯ ಹುಟ್ಟಿಸದೆ ಒಡವೆಯಾಗಿ ನಿಂತಿದೆ.

ಅಲಂಕಾರವು ಸಿಡಿಲಿಗೆ, ನಮಸ್ಕಾರವು ಮೊಗ್ಗಿಗೆ ಎಂಬ ಹಂಚಿಕೆಯಲ್ಲಿ ಕವಿಯ ವಿವೇಕವಿದೆ. ದೊಡ್ಡವು ದೇವರ ಮೈಮೇಲೆ ಶೋಭಿಸುತ್ತವೆ, ಚಿಕ್ಕವು ಕೈಮುಗಿಯುತ್ತವೆ. ಮೊಗ್ಗಿನ ಆಕಾರವೇ ಮುಗಿದ ಕೈಯ ಆಕಾರವೆಂಬುದನ್ನು ಕವಿ ಹೇಳುವುದಿಲ್ಲ, ವಾಚಕನ ಕಣ್ಣಿಗೆ ಬಿಟ್ಟಿದ್ದಾನೆ. ಇಡೀ ಗೀತೆಯಲ್ಲಿ ಅತ್ಯಂತ ಸೂಕ್ಷ್ಮವಾದ ಪ್ರತಿಮೆ ಇದು. ಹಾಡುಗಾರರು ಇಲ್ಲಿ ಸಾಮಾನ್ಯವಾಗಿ ಸಿಡಿಲಿನ ಮೇಲೆ ದನಿ ಏರಿಸುತ್ತಾರೆ. ಮೊಗ್ಗಿನ ಮೇಲೆ ನಿಲ್ಲುವವರು ವಿರಳ.

ಹೂವನ್ನು ಚತುರ್ಥಿಯಲ್ಲಿ ಕಂಡ ಕವಿಗಳ ಗುರು ಹರಿಹರ. ಅವನ 'ಪುಷ್ಪರಗಳೆ'ಯಲ್ಲಿ ಹೂವೆಂಬುದು ವರ್ಣನೆಯ ವಸ್ತುವಲ್ಲ. ಬೆಳಗಿನಲ್ಲೇ ತೋಟಕ್ಕೆ ಹೋಗಿ, ನೋಯದಂತೆ ಬಿಡಿಸಿ, ಮಾಲೆ ಕಟ್ಟಿ ವಿರೂಪಾಕ್ಷನಿಗೆ ಏರಿಸುವ ಒಂದು ಇಡೀ ದಿನದ ಕಾಯಕ. ಹಂಪೆಗೆ ಹಿಂತಿರುಗುವ ಮುನ್ನ ಹರಿಹರ ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಲೆಕ್ಕದ ಕಡತದಿಂದ ಹೂವಿನ ಕಡೆಗೆ ಮುಖ ತಿರುಗಿಸಿದ ಕರಣಿಕ ಆತ. ಕಡತವನ್ನೂ ಹೂವನ್ನೂ ಬಿಡದೆ ಬಾಳಿದ ಗುಮಾಸ್ತ ಕಿಕ್ಕೇರಿಯ ಕವಿ. ಹರಿಹರನ ಹೂವು ದೇವರನ್ನು ಸೇರಬೇಕಾದರೆ ಭಕ್ತನ ಕೈ ಬೇಕು. ನರಸಿಂಹಸ್ವಾಮಿಯವರ ಮೊಗ್ಗಿಗೆ ಯಾರ ಕೈಯೂ ಬೇಡ; ಅದು ಗಿಡದಲ್ಲಿದ್ದೇ ನಮಸ್ಕರಿಸುತ್ತದೆ. ಕೊಯ್ಯದೆ ಅರ್ಪಿಸಿದ ಹೂವು ಅದು. ಹರಿಹರನ ಆವೇಶ ಈ ಗೀತೆಯಲ್ಲಿಲ್ಲ. ಹೂವು ಬಿಡಿಸುವ ಬೆರಳಿನ ಸಡಗರವೂ ಇಲ್ಲ. ಈ ಕೊರತೆಯನ್ನು ಒಪ್ಪಿಕೊಂಡೇ ಮೊಗ್ಗಿನ ಮೌನವನ್ನು ಮೆಚ್ಚಬೇಕು.

ಕಿಕ್ಕೇರಿಯಲ್ಲಿ ದೇವರ ಅಲಂಕಾರವೆಂಬ ಮಾತಿಗೆ ಕಲ್ಲಿನ ಸಾಕ್ಷಿಯೊಂದು ಇದೆ. ಬಮ್ಮವ್ವೆ ನಾಯಕಿತಿ 1171ರಲ್ಲಿ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯದ ಗರ್ಭಗುಡಿಯಲ್ಲಿ ನಿರಾಭರಣವಾದ ಲಿಂಗ. ಅದರ ಸುತ್ತ ಹೊಯ್ಸಳ ಶಿಲ್ಪಿಗಳ ಕುಸುರಿಯ ವೈಭವ. ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಧಿಷ್ಠಾನದಲ್ಲಂತೂ ಆನೆ, ಕುದುರೆ, ಬಳ್ಳಿ, ಮಕರ, ಹಂಸಗಳು ಸಾಲುಸಾಲಾಗಿ ಸುತ್ತುವರಿದಿವೆ. ಅಲ್ಲಿ ಬಳ್ಳಿ ಎಂದೂ ಬಾಡುವುದಿಲ್ಲ, ಹಂಸ ಎಂದೂ ಹಾರುವುದಿಲ್ಲ. ಕಿಕ್ಕೇರಿಯ ಈ ಗುಡಿ ಎದ್ದ ಕಾಲಕ್ಕೆ ಕಲ್ಯಾಣದ ಕ್ರಾಂತಿ ನಡೆದು ಕೆಲವೇ ವರ್ಷಗಳಾಗಿದ್ದವು. ದೇಹವನ್ನೇ ದೇಗುಲವೆಂದ ಬಸವಣ್ಣನವರ ನುಡಿ ಇನ್ನೂ ಬಿಸಿಯಾಗಿತ್ತು. ಸ್ಥಾವರದ ಅಲಂಕಾರವೂ ಜಂಗಮದ ನುಡಿಯೂ ಒಂದೇ ಕಾಲದಲ್ಲಿ ಕನ್ನಡ ನೆಲದಲ್ಲಿ ಬದುಕಿದ್ದವೆಂಬುದು ಸ್ಮರಣೀಯ. ಎಂಟು ಶತಮಾನಗಳ ಬಳಿಕ ಅದೇ ಊರಿನ ಕವಿ ದೇವರಿಗೆ ತೊಡಿಸಿದ ಅಲಂಕಾರ ಕಡೆದ ಬಳ್ಳಿಯದಲ್ಲ, ಕ್ಷಣ ಮಿಂಚಿ ಮಾಯವಾಗುವ ಸಿಡಿಲಿನದು, ಗಳಿಗೆಗೊಂದು ರೂಪ ತಳೆಯುವ ಮುಗಿಲಿನದು. ಒಮ್ಮೆ ಅದು, ಇನ್ನೊಮ್ಮೆ ಇದು ಎಂಬ ಮಾತಿನಲ್ಲಿಯೇ ಅಲಂಕಾರ ಚಲಿಸತೊಡಗಿದೆ. ಕಲ್ಲಿನಲ್ಲಿ ಬಳ್ಳಿಯನ್ನು ಕಂಡು ಮುಂದೊಂದು ಸಂಗ್ರಹಕ್ಕೆ 'ಶಿಲಾಲತೆ' ಎಂದು ಹೆಸರಿಟ್ಟವರು ಇದೇ ಕವಿಯೆಂಬುದನ್ನು ಮರೆಯದಿದ್ದರೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಕೊನೆಯ ನುಡಿ ಉಳಿದವುಗಳಷ್ಟು ಗಟ್ಟಿಯಾಗಿಲ್ಲ. ರಣಭೇರಿ ಮತ್ತು ವೀಣೆ, ಮಹಾಕಾವ್ಯ ಮತ್ತು ಭಾವಗೀತೆ ಎಂಬ ಜೋಡಿಗಳು ಅಲ್ಲಿ ದೇವರ ದನಿಯ ಮರುದನಿಗಳಾಗಿ ಬರುತ್ತವೆ. ನಿಸರ್ಗ ಹಿಂದೆ ಉಳಿದು ಮನುಷ್ಯನ ಕಲೆ ಮುಂದೆ ಬಂದಿತು. ಷಷ್ಠಿ ಮರಳಿದರೂ ಅದು ಮೊದಲಿನ ಬಿಗಿಯ ಷಷ್ಠಿಯಲ್ಲ. ಮರುದನಿಯೆಂದಾಗ ಹೋಲಿಕೆ ಹಿಂಬಾಗಿಲಿನಿಂದ ಒಳಗೆ ಬಂದಿದೆ. ದೀಪ ಗಾಳಿಗಳ ನಡುವೆ ಇದ್ದಂಥ ಪ್ರಾಣಾಂತಿಕ ಸಂಬಂಧ ರಣಭೇರಿಗೂ ವೀಣೆಗೂ ಇಲ್ಲ. ಅವು ಎದುರುಬದುರಾಗಿ ಇಟ್ಟ ಎರಡು ವಾದ್ಯಗಳು, ಅಷ್ಟೆ. ಆದರೂ 'ಪದ' ಎಂಬ ಶಬ್ದಕ್ಕೆ ಹೆಜ್ಜೆಯೆಂದೂ ಮಾತೆಂದೂ ಇರುವ ಎರಡರ್ಥವನ್ನು ಕವಿ ಅಲ್ಲಿ ದುಡಿಸಿಕೊಂಡಿರುವುದು ಹೃದ್ಯವಾಗಿದೆ. ಕನ್ನಡದಲ್ಲಿ ಮಹಾಕಾವ್ಯ ಮತ್ತೆ ಹುಟ್ಟಿದ ಶತಮಾನದಲ್ಲಿ ತನ್ನ ಕೈಲಿದ್ದ ಚಿಕ್ಕ ಭಾವಗೀತೆಯನ್ನೂ ಅದರ ಪಕ್ಕದಲ್ಲಿಟ್ಟು ಎರಡೂ ಒಬ್ಬನವೇ ಎಂದವನಲ್ಲಿ ವಿನಯವೂ ಇದೆ, ಬಿಟ್ಟುಕೊಡದ ಹೆಮ್ಮೆಯೂ ಇದೆ. ಮೊಗ್ಗಿನ ನಮಸ್ಕಾರಕ್ಕೆ ಭಾವಗೀತೆ ಸೋದರಿಯಾಗಿ ಬಂದಿದೆಯೆಂದು ಓದಿದರೆ ಈ ನುಡಿಯನ್ನೂ ಸ್ವಲ್ಪಮಟ್ಟಿಗೆ ಉಳಿಸಿಕೊಳ್ಳಬಹುದು.

ಹಾಡುವವರು ಈ ನುಡಿಯನ್ನು ಮುಗಿಸಿ ಪದ್ಧತಿಯಂತೆ ಪಲ್ಲವಿಗೆ ಮರಳುತ್ತಾರೆ. ಕವಿ ಬರೆದ ಕ್ರಮದಲ್ಲಿ ಗೀತೆ ದೇವರ ಹೆಜ್ಜೆಯ ಸಪ್ಪಳದಲ್ಲಿ ಮುಗಿಯುತ್ತದೆ. ಹಾಡಿನ ಕ್ರಮದಲ್ಲಿ ಅದು ದೀಪಕ್ಕೂ ಗಾಳಿಗೂ ಹಿಂತಿರುಗುತ್ತದೆ. ಸಂಗೀತದ ರೂಢಿಯಿಂದ ಆದ ಈ ಬದಲಾವಣೆ ಕವಿತೆಗೆ ಅಪಚಾರವೆನ್ನುವಂತಿಲ್ಲ. ಸಿಡಿಲು, ಮುಗಿಲು, ಮಹಾಕಾವ್ಯಗಳೆಲ್ಲ ದಾಟಿಹೋದ ಮೇಲೆ ಕೇಳುವವರ ಕಿವಿಯಲ್ಲಿ ಕಡೆಗೆ ಉಳಿಯುವುದು ಒಂದು ಸಣ್ಣ ಹಣತೆ, ಅದರ ಮೇಲೆ ಇನ್ನೂ ಬೀಸುತ್ತಿರುವ ಗಾಳಿ.